ಎಡಗಡೆ ಕಿಟಕಿಯವರು ನೋಡಿ

"ಆ ಕತ್ತರಿ ನೀವೇನಾ?"

ಶಶಿರೇಖ ಬೆಚ್ಚಿ ತಲೆಯೆತ್ತಿದಳು. ಬಂಗಾರಪೇಟೆ ಬಿಟ್ಟ ಬೆಳಗಿನ ರೈಲು ಕೋರಮಂಡಲ್ ನಿಲ್ದಾಣ ದಾಟಿ ಊರಿಗಾಂ ಕಡೆಗೆ ಓಡುತ್ತಿತ್ತು. ಎದುರು ಸೀಟಿನಲ್ಲಿ ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಯುವಕನೊಬ್ಬ ಮುಂದಕ್ಕೆ ಬಾಗಿ ಅವಳ ಕೈಯಲ್ಲಿದ್ದ ಮೊಬೈಲನ್ನೇ ದಿಟ್ಟಿಸುತ್ತಿದ್ದ.

"ಯಾವ ಕತ್ತರಿ?"

"ರೈಲು ವೇದಿಕೇಲಿ ಎಲ್ರ ಪೋಸ್ಟೂ ಕತ್ತರಿಸೋ ಮೇಡಂ! ಈಗ್ತಾನೆ ನಂದೊಂದನ್ನ ಕಚಕ್ ಅನ್ಸಿದ್ರಿ... ನನ್ ಕಣ್ಮುಂದೇನೇ!"

ಅವಳ ಕಿವಿ ಬಿಸಿಯಾಯಿತು. ಸಿಕ್ಕಿಬಿದ್ದಿದ್ದಳು.

ಬಂಗಾರಪೇಟೆ ಮತ್ತು ಕೆಜಿಎಫ್ ನಡುವೆ ದಿನವೂ ಓಡಾಡುವವರ ಆನ್‌ಲೈನ್ ಚರ್ಚಾ ವೇದಿಕೆ ಅದು. ಮೊದಲು ಅದೊಂದು ಸಂತೆಯಾಗಿತ್ತು. ರೈಲು ಯಾಕೆ ತಡ ಎಂದು ಶುರುವಾದ ಮಾತು ಯಾವ ಭಾಷೆ ದೊಡ್ಡದು ಎಂಬಲ್ಲಿಗೆ ಹೋಗಿ, ಕೊನೆಗೆ ಯಾರದೋ ತಾಯಿಯವರೆಗೂ ಮುಟ್ಟುತ್ತಿತ್ತು. ನಿರ್ವಾಹಕಿಯಾದ ದಿನವೇ ಶಶಿರೇಖ ಎರಡು ನಿಯಮ ಬರೆದು ವೇದಿಕೆಯ ಮೇಲ್ತುದಿಯಲ್ಲಿ ಅಂಟಿಸಿದ್ದಳು. ಒಂದು: ರೈಲಿನ ಮಾತು ಮಾತ್ರ. ಎರಡು: ಯಾರ ಮನಸ್ಸನ್ನೂ ನೋಯಿಸಬಾರದು.

"ನೀವು ಬರೆದಿದ್ದು ರೈಲಿನ ವಿಷಯ ಅಲ್ಲ," ಎಂದಳು ಬಿಗುವಾಗಿ.

"ಸೈನೈಡ್ ದಿಬ್ಬದ ಬುಡದಲ್ಲಿ ಗುಲ್‌ಮೊಹರ್ ಹೂ ಬಿಟ್ಟಿದೆ, ಎಡಗಡೆ ಕಿಟಕಿಯವರು ನೋಡಿ ಅಂದೆ. ಅದ್ರಲ್ಲೇನ್ರೀ ತಪ್ಪು? ರೈಲಿಂದಾನೇ ಕಂಡಿದ್ದು!"

ಅವಳಿಗೆ ನಗು ಬಂತು. ತಡೆಯಲು ಕಿಟಕಿಯ ಕಡೆ ತಿರುಗಿದಳು. ಎಡಗಡೆ ಕಿಟಕಿ... ಆದರೆ ಗಣಿಯ ತ್ಯಾಜ್ಯದ ಮಣ್ಣು ರಾಶಿಬಿದ್ದ ಆ ದಿಬ್ಬವೂ ಮರವೂ ಆಗಲೇ ಹಿಂದೆ ಸರಿದಿದ್ದವು.

ಅವನ ಹೆಸರು ಬೈರೇಶ್.

ಆಮೇಲಿನ ಐದು ತಿಂಗಳು ಮೂರನೇ ಬೋಗಿಯಲ್ಲಿ ಅವಳ ಎದುರಿನ ಸೀಟು ಅವನದೇ. ಅವನ ತಾಯಿ ಅಶ್ವತ್ಥಮ್ಮ ಕಟ್ಟಿಕೊಟ್ಟ ಹುರುಳಿಕಾಳು ಬಸ್ಸಾರನ್ನು ಡಬ್ಬಿಯ ಮುಚ್ಚಳದಲ್ಲಿ ಸುರಿದು, "ನೋಡಿ, ಇದನ್ನೂ ಕತ್ತರಿಸ್ಬೇಡಿ," ಎನ್ನುತ್ತಿದ್ದ. ಅವಳು ಏನೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಹೇಳುವ ದಿನ ಹತ್ತಿರದಲ್ಲಿದೆ ಎಂದು ಮಾತ್ರ ಅವಳು ನಂಬಿದ್ದಳು.

ಅಷ್ಟರಲ್ಲಿ ವೇದಿಕೆಗೆ ಶ್ವೇತ ಬಂದಳು.

'ಇವತ್ತು ಕೆಜಿಎಫ್ ರೈಲು ಯಾವ ಪ್ಲಾಟ್‌ಫಾರ್ಮ್?' ಎಂದು ಶ್ವೇತ ಕೇಳಿದರೆ ಒಂದೇ ನಿಮಿಷದಲ್ಲಿ ಬೈರೇಶನ ಉತ್ತರ. 'ಕೊನೆ ಬೋಗಿ ಮೆಟ್ಟಿಲ ಹತ್ತಿರ ನಿಲ್ಲುತ್ತಾ, ನಲ್ಲಿ ಹತ್ತಿರಾನಾ?' ಎಂದರೆ, 'ನಲ್ಲಿ ದಾಟಿ ಹತ್ತು ಹೆಜ್ಜೆ. ಅವಸರ ಬೇಡ, ನಾನಿರ್ತೀನಿ.'

ನಾನಿರ್ತೀನಿ!

ಶಶಿರೇಖಳ ಪ್ರಶ್ನೆಗಳಿಗೆ ಈಚೆಗೆ ಅವನು ಹೆಬ್ಬೆರಳಿನ ಚಿತ್ರವೊಂದನ್ನಷ್ಟೇ ಒತ್ತುತ್ತಿದ್ದ.

'ಬೋರ್ಡ್ ಮೇಲೆ ಇಷ್ಟು ದಪ್ಪಗೆ ಬರೆದಿರುತ್ತೆ. ಅದನ್ನು ದಿನಾ ಕೇಳಬೇಕೆ? ಮಾತಾಡಿಸಲು ನೆಪ, ಅಷ್ಟೇ...' ಬೋಗಿಯ ಎದುರು ಸೀಟು ಖಾಲಿಯಾಗತೊಡಗಿತು. ಮೊದಲು ವಾರಕ್ಕೊಂದು ದಿನ, ಆಮೇಲೆ ದಿನವೂ. ಕೇಳಿದರೆ, "ಕೊನೆ ಬೋಗೀಲಿ ಒಂದ್ಚೂರು ಕೆಲ್ಸ ಇತ್ತು ಕಣ್ರೀ," ಎಂದು ಮಾತು ತೇಲಿಸಿದ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಅವಳ ಕೆಲಸ ಸುಮಲತಕ್ಕನ ಡಿಟಿಪಿ ಅಂಗಡಿಯಲ್ಲಿ. ದಿನವಿಡೀ ಊರವರ ಮದುವೆ ಕಾರ್ಡುಗಳನ್ನು ಟೈಪ್ ಮಾಡುವುದು. ಒಂದು ಮಧ್ಯಾಹ್ನ ಅವಳ ಬೆರಳುಗಳೇ, ಯಾರೂ ಹೇಳದೆ, 'ಚಿ. ಬೈರೇಶ್' ಎಂದು ಟೈಪ್ ಮಾಡಿದವು. ಅದರ ಕೆಳಗೆ, ಹುಣ್ಣನ್ನು ಉಗುರಿನಿಂದ ಕೆರೆದುಕೊಳ್ಳುವವಳಂತೆ, 'ಚಿ.ಸೌ. ಶ್ವೇತ.'

"ಯಾರದಮ್ಮಿ ಈ ಕಾರ್ಡು? ಗಂಡಿನ ಊರಿಲ್ಲ, ದಿನಾಂಕ ಇಲ್ಲ!" ಸುಮಲತಕ್ಕ ಹಿಂದಿನಿಂದ ಬಗ್ಗಿದಳು.

"ಸ್ಯಾಂಪಲ್ ಅಕ್ಕ..."

"ಸ್ಯಾಂಪಲ್ಲಿಗೆ ಯಾಕಮ್ಮಿ ಕಣ್ಣಲ್ಲಿ ನೀರು?"

ಮರುದಿನ ಬೆಳಗ್ಗೆ ಬಂಗಾರಪೇಟೆಯ ಮೇಲ್ಸೇತುವೆ ಹತ್ತುತ್ತಿದ್ದಾಗ ಅವಳು ನೋಡಿಬಿಟ್ಟಳು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಬೈರೇಶ್. ಅವನ ಪಕ್ಕದಲ್ಲಿ ಹಳದಿ ಚೂಡಿದಾರದ ಹುಡುಗಿ. ಅಷ್ಟು ಜನರ ನಡುವೆ, ಯಾವ ಸಂಕೋಚವೂ ಇಲ್ಲದೆ, ಅವಳ ಕೈ ಅವನ ಮೊಣಕೈಯನ್ನು ಹಿಡಿದಿತ್ತು!

ಶಶಿರೇಖ ರೈಲು ಹತ್ತಿದ್ದೇ ಮೊಬೈಲ್ ತೆಗೆದಳು. ಶ್ವೇತಳ ಪೋಸ್ಟುಗಳನ್ನು ಒಂದೊಂದಾಗಿ ಕಿತ್ತಳು. ಹದಿನಾಲ್ಕು. ಪ್ರತಿಯೊಂದಕ್ಕೂ ಕಾರಣ: 'ವಿಷಯಾಂತರ.' ಅಷ್ಟಕ್ಕೇ ನಿಲ್ಲಿಸಿದ್ದರೆ! ಅವಳು ಎಲ್ಲರೂ ಓದುವಂತೆ ಬರೆದಳು: 'ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನಲ್ಲಿರುತ್ತದೆ. ಕಣ್ಣಿದ್ದವರು ನೋಡಿಕೊಳ್ಳಬಹುದು. ಇದು ಗೆಳೆತನ ಬೆಳೆಸುವ ಜಾಗವಲ್ಲ.'

ಸಂಜೆಯ ಹೊತ್ತಿಗೆ ಶ್ವೇತ ವೇದಿಕೆ ಬಿಟ್ಟಿದ್ದಳು. ಶಶಿರೇಖಳಿಗೆ ಗೆದ್ದೆ ಅನ್ನಿಸಬೇಕಿತ್ತು... ಅನ್ನಿಸಲಿಲ್ಲ.

ಮಾರನೆಯ ಮಧ್ಯಾಹ್ನ ಬೈರೇಶ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಎರಡನೇ ಪಾಳಿಗೆ ಹೊರಟವನು. ಮುಖದಲ್ಲಿ ನಗುವಿನ ಸುಳಿವಿಲ್ಲ.

"ನೀವ್ ಬರ್ದಿದ್ದನ್ನ ನಾನು ಓದ್ಲಿಲ್ಲ ಶಶಿರೇಖ ಅವ್ರೇ. ಕೇಳಿಸ್ಕೊಂಡೆ."

"ಕೇಳಿಸ್ಕೊಂಡ್ರಾ?"

"ಶ್ವೇತ ಅವ್ರ ಫೋನು ಓದ್ತು. ಎಲ್ಲಾನೂ ಅದೇ ಓದಿ ಹೇಳ್ಬೇಕು. ಅವ್ರಿಗೆ ಕಣ್ಣು ಕಾಣಲ್ಲ."

ಪಕ್ಕದ ಪ್ರಿಂಟರ್ ಸದ್ದು ಮಾಡುತ್ತಲೇ ಇತ್ತು. ಶಶಿರೇಖಳ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು.

ಮೊಣಕೈ... ನಲ್ಲಿ ದಾಟಿ ಹತ್ತು ಹೆಜ್ಜೆ... ದಿನವೂ ಅದೇ ಪ್ರಶ್ನೆ...

"ಇಲ್ಲೇ ಬ್ಯಾಂಕಿಗೆ ಹೊಸ್ದಾಗಿ ಸೇರವ್ರೆ. ವೇದಿಕೇಲಿ ಯಾರಿಗೂ ಹೇಳ್ಬೇಡಿ, ಅಲ್ಲಾದ್ರೂ ಎಲ್ಲರ ಹಂಗೆ ಇರ್ತೀನಿ, ಅಯ್ಯೋ ಪಾಪ ಬೇಡ ಅಂದಿದ್ರು. ಅದ್ಕೇ ನಿಮ್ಗೂ ಹೇಳ್ಲಿಲ್ಲ. ಇವತ್ತು ಬೆಳಗ್ಗೆ ನಾನಿರ್ಲಿಲ್ಲ. ಗೂಡ್ಸ್ ಗಾಡಿ ಸದ್ದಿಗೆ ಮೈಕಲ್ಲಿ ಹೇಳಿದ್ದು ಕೇಳಿಸ್ಲಿಲ್ಲ. ವೇದಿಕೇಲಿ ಕೇಳೋಕೆ ಮನ್ಸು ಬರ್ಲಿಲ್ಲ. ರೈಲು ಬೇರೆ ಕಡೆ ನಿಂತಿದ್ದು ಗೊತ್ತಾಗಿ ಓಡೋಕೋಗಿ ಮೆಟ್ಲ ಮೇಲೆ ಬಿದ್ರು. ಮೊಣಕಾಲು ತರಚಿದೆ. ರೈಲೂ ಹೋಯ್ತು."

"ನಂಗೆ... ನಂಗೊತ್ತಿರ್ಲಿಲ್ಲ..."

"ಗೊತ್ತಿಲ್ದೇ ಇದ್ರೂ ಆ ಮಾತು ಬರೀಬೋದಿತ್ತಾ? ನಿಯಮ ಮಾಡ್ದೋರು ನೀವೇ."

ತಿರುಗಿ ಹೊರಟವನ ಕಣ್ಣು ಪರದೆಯ ಮೇಲೆ ಬಿತ್ತು. ಅಳಿಸಲಾಗದೆ ಅವಳು ಮತ್ತೆ ತೆರೆದಿದ್ದ ಆ ಕಾರ್ಡು ಅಲ್ಲೇ ಇತ್ತು. ಚಿ. ಬೈರೇಶ್. ಚಿ.ಸೌ. ಶ್ವೇತ.

ಅವನು ಓದಿದ. ಅವಳನ್ನೊಮ್ಮೆ ನೋಡಿದ. ಮೆಟ್ಟಿಲಿಳಿದು ಹೋದ.

'ಭೂಮಿ ಬಾಯಿ ಬಿಡಬಾರದೆ!' ಎಂದುಕೊಂಡಳು. ಸಾವಿರಾರು ಅಡಿ ಗಣಿ ತೋಡಿದ ಈ ಊರಲ್ಲಿ ಅವಳಿಗೆ ಅಡಗಲು ಒಂದು ಗುಳಿಯೂ ಇರಲಿಲ್ಲ.

ಸಂಜೆ ರೈಲಿನಲ್ಲಿ ಕೂತು ಬರೆದಳು. ಬರೆದು ಅಳಿಸಿದಳು, ಮತ್ತೆ ಬರೆದಳು. ಗೊತ್ತಿರಲಿಲ್ಲ ಎಂಬ ಮಾತನ್ನು ತೆಗೆದುಹಾಕಿದಳು. ಶ್ವೇತಳ ಗುಟ್ಟನ್ನು ಮುಟ್ಟಲಿಲ್ಲ.

'ಎರಡನೇ ನಿಯಮ ಮುರಿದವಳು ನಾನು. ಶ್ವೇತ ಅವರ ಪೋಸ್ಟುಗಳೆಲ್ಲ ರೈಲಿನ ವಿಷಯವೇ. ಅವನ್ನು ತೆಗೆದದ್ದಕ್ಕೆ ಕಾರಣ ನಿಯಮ ಅಲ್ಲ, ನನ್ನ ಹೊಟ್ಟೆಕಿಚ್ಚು. ಹದಿನಾಲ್ಕನ್ನೂ ಮರಳಿ ಹಾಕಿದ್ದೇನೆ. ನನ್ನ ಮಾತು ಅಳಿಸಬೇಕೋ, ಎಲ್ಲರಿಗೂ ಕಾಣುವಂತೆ ಇರಬೇಕೋ, ಅವರೇ ಹೇಳಲಿ. ನಿರ್ವಾಹಕಿಯ ಕೆಲಸ ಬಿಡುತ್ತಿದ್ದೇನೆ.'

ಅಳಿಸಿದ ಪೋಸ್ಟುಗಳ ಬುಟ್ಟಿಯಲ್ಲಿ ಹದಿನಾಲ್ಕನ್ನು ಮೇಲೆತ್ತಿದ ಮೇಲೆ, ಬಹಳ ಕೆಳಗೆ ಒಂದು ಹಳೆಯದು ಕಂಡಿತು. ಗುಲ್‌ಮೊಹರ್. ಅದನ್ನೂ ಮರಳಿ ಹಾಕಿದಳು. ಕಾರಣದ ಜಾಗದಲ್ಲಿ ಬರೆದಳು: 'ರೈಲಿನಿಂದಲೇ ಕಂಡಿದ್ದು. ಆ ದಿನ ನಾನು ನೋಡಬೇಕಿತ್ತು.'

ಸುದ್ದಿ ಯಾರು ಮುಟ್ಟಿಸಿದರೋ, ಮನೆ ತಲುಪುವಷ್ಟರಲ್ಲಿ ಶ್ವೇತ ವೇದಿಕೆಗೆ ಮರಳಿದ್ದಳು.

'ಮೇಡಂ, ಆ ಮಾತು ಅಳಿಸಿಬಿಡಿ, ಇನ್ನೊಂದು ಸಲ ಕೇಳೋದು ಬೇಡ. ನಿಮ್ಮ ಕೆಲಸ ಬಿಡಬೇಡಿ, ಇಲ್ಲಿ ಮತ್ತೆ ಸಂತೆ ಸೇರುತ್ತೆ. ನನ್ನ ಕ್ಷಮೆ ಹೊರಟಿದೆ, ತಡವಾಗಿ ಓಡ್ತಿದೆ. ಈಗ ವಿಷಯಕ್ಕೆ ಬನ್ನಿ. ನಾಳೆ ಯಾವ ಪ್ಲಾಟ್‌ಫಾರ್ಮ್?'

ಶಶಿರೇಖ ಅಳುತ್ತಲೇ ನಕ್ಕಳು.

ಬೆಳಗ್ಗೆ ನಲ್ಲಿ ದಾಟಿ ಹತ್ತು ಹೆಜ್ಜೆಗೆ ಹಳದಿ ಚೂಡಿದಾರದ ಹುಡುಗಿ ನಿಂತಿದ್ದಳು.

"ಶ್ವೇತ ಅವ್ರೇ... ನನ್ ಕೈ ಹಿಡ್ಕೊಳ್ತೀರಾ?"

"ಯಾರು?"

"ಕತ್ತರಿ."

ಶ್ವೇತ ಕೈ ಚಾಚಿ ಮೊಣಕೈ ಹಿಡಿದಳು. "ಓ... ಚುಚ್ಚುತ್ತೆ ಅಂದ್ಕೊಂಡಿದ್ದೆ."

"ಚುಚ್ಚಿದೀನಲ್ಲ..."

"ಹೌದು. ಚುಚ್ಚಿದ್ರಿ," ಎಂದಳು ಶ್ವೇತ. ಕೈ ಮಾತ್ರ ಬಿಡಲಿಲ್ಲ. "ನಡೀರಿ, ಇವತ್ತು ಮೂರನೇ ಬೋಗಿಗೇ ಹೋಗೋಣ. ಅಲ್ಲಿ ನಿಮ್ಗೋಸ್ಕರ ಯಾರೋ ಕಾಯ್ತಿದ್ದಾರಂತೆ."

ಎದುರು ಸೀಟಿನಲ್ಲಿ ಬೈರೇಶ್ ಕೂತಿದ್ದ. ಪಾಳಿ ಮಧ್ಯಾಹ್ನಕ್ಕಿದ್ದರೂ! ಶ್ವೇತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, "ನಾನೇನೂ ಕೇಳಿಸ್ಕೊಳ್ಳಲ್ಲ," ಎಂದು ಎಲ್ಲವನ್ನೂ ಕೇಳಿಸಿಕೊಳ್ಳಲು ಕೂತಳು.

"ನನ್ನ ಹೂವು ವಾಪಸ್ ಬಂದೈತೆ," ಎಂದ ಅವನು.

"ಹೂಂ."

"ಹೊಟ್ಟೆಕಿಚ್ಚು ಅಂತ ಬರ್ದಿದ್ರಿ. ಎಷ್ಟಿತ್ತು?"

"ಹದಿನಾಲ್ಕು ಪೋಸ್ಟಿನಷ್ಟು..." ಅವಳ ದನಿ ಒಡೆಯಿತು. "ನಿಮ್ಮನ್ನ ಕಳ್ಕೊಳ್ತೀನಿ ಅಂತ ಭಯ ಆಯ್ತು. ನೀವು ನನ್ನೋರು ಅಂತ ಒಂದ್ ದಿನಾನೂ ನಿಮ್ಗೆ ಹೇಳ್ದೇನೇ, ಕಳ್ಕೊಳ್ಳೋ ಭಯ ಮಾತ್ರ."

ರೈಲು ಕೋರಮಂಡಲ್ ದಾಟಿತು.

"ನಿಮ್ಮ ಅಂಗಡೀಲಿದ್ದ ಆ ಕಾರ್ಡು... ಅದ್ರಲ್ಲಿ ಒಂದು ಹೆಸ್ರು ತಪ್ಪಾಗೈತೆ. ತಿದ್ಕೊಡ್ತೀರಾ?"

ಅವಳು ಕಿಟಕಿಯ ಸರಳು ಹಿಡಿದಳು. "ದಿನಾಂಕ... ದಿನಾಂಕಾನೂ ಇಲ್ಲ ಅದ್ರಲ್ಲಿ."

ಅವನು ಎಡಗಡೆ ಕಿಟಕಿಗೆ ಬೆರಳು ತೋರಿದ. ಸೈನೈಡ್ ದಿಬ್ಬದ ಬುಡದಲ್ಲಿ ಗುಲ್‌ಮೊಹರ್ ನಿಂತಿತ್ತು. ಹೂವಿರಲಿಲ್ಲ. ಉದ್ದನೆಯ ಕಾಯಿಗಳಷ್ಟೇ ತೂಗಾಡುತ್ತಿದ್ದವು.

"ಅದು ಹೂ ಬಿಡೋ ಹೊತ್ಗೆ ಅಂತ ಹಾಕಿ."

"ಇದು ವಿಷಯಾಂತರ..." ಅವಳು ಕಣ್ಣೊರೆಸಿಕೊಂಡಳು.

"ರೈಲಿಂದಾನೇ ಕಾಣ್ತೈತಲ್ರೀ!"