ಈ ಕೋಳಿ ಒಲೆಗೆ ಏರುವುದಿಲ್ಲ

ಚಾರಣ ಶಿಬಿರದಲ್ಲಿ ಕೋಳಿ ಸಾರು ಉಂಡವರೆಲ್ಲ ಬೆಳಗಾಗುವಷ್ಟರಲ್ಲಿ ವಾಂತಿ ಮಾಡಿಕೊಂಡರು. ಮಾಲೀಕ ಅಡುಗೆಯವಳನ್ನು ಅತಿಥಿಗಳ ಮುಂದೆ ನಿಲ್ಲಿಸಿ, ಅವಳ ಎರಡೂ ಕೈ ಹಿಡಿದು ತಿರುಗಿಸಿ, ಉಗುರು ತೋರಿಸಿದ. ಮಾಲೀಕ ಅವಳ ಸೋದರಮಾವ.

ಮುಂದಿನ ಶಿಬಿರಕ್ಕೆ ಮಾವ ಹೊಸ ಗೈಡೊಬ್ಬನನ್ನು ಕರೆತಂದ. ಗುಡ್ಡ ಹತ್ತಿಸುವುದು ಅವನ ಕೆಲಸ. ಅಡುಗೆಯವಳ ಮೇಲೊಂದು ಕಣ್ಣಿಡುವುದೂ ಅವನದೇ.

“ನಿಮ್ಮ ಕೈ ನೋಡಬೇಕಂತೆ...” ಒಲೆಯ ಮುಂದೆ ನಿಂತು ಗೈಡ್ ತಡವರಿಸಿದ.

ಅವಳು ಕೈ ಚಾಚಿದಳು. “ನೋಡಿ. ಆಮೇಲೆ ನಿಮ್ಮದೂ ತೋರಿಸಿ. ತಟ್ಟೆ ಹಂಚೋರು ನೀವೇ ತಾನೆ?”

ಅವನ ಉಗುರುಗಳಲ್ಲಿ ಅರ್ಧ ಗುಡ್ಡವೇ ಇತ್ತು. ಹೋಗಿ ಸೋಪು ಹಚ್ಚಿದ. ಅವಳು ಬೆನ್ನು ತಿರುಗಿಸಿ, ಹೊಗೆಯ ನೆಪದಲ್ಲಿ ಸೆರಗಿನೊಳಗೆ ನಕ್ಕಳು.

ಆ ಕೋಳಿ ಸಾರಿನ ನಂತರ ಶಿಬಿರದಲ್ಲಿ ಮಾಂಸವಿಲ್ಲ. ಅವಳು ಬೇರೆ ಶಿಬಿರಗಳಲ್ಲಿ ಕೆಲಸ ಕೇಳಿದರೆ, ಆ ವಾಂತಿಯ ಅಡುಗೆಯವಳಾ ಎಂದು ಮುಖ ತಿರುಗಿಸುತ್ತಿದ್ದರು. ಮಾವನಿಗೆ ಎದುರಾಡಬೇಡ, ಹೊಟ್ಟೆಗೆ ಹಾಕಿಕೊ ಎನ್ನುತ್ತಿದ್ದಳು ಅಮ್ಮ.

ಮಾಡದ ತಪ್ಪನ್ನು ನನ್ನ ಹೊಟ್ಟೆಗೇ ಯಾಕೆ ಹಾಕಿಕೊಳ್ಳಬೇಕು?

ಕಾಯಲು ಬಂದ ಗೈಡ್ ಮಾತ್ರ ಬರಬರುತ್ತಾ ಒಲೆಯ ಬಳಿಯೇ ಬೀಡುಬಿಟ್ಟ. ಕೆರೆಯ ನೀರನ್ನು ಮರಳುವಂತೆ ಕುದಿಸಿದ ಮೇಲೇ ಕುಡಿಯಬೇಕೆಂದು, ಹಸಿ ಮೊಟ್ಟೆ ಮುಟ್ಟಿದ ಕೈಯಲ್ಲಿ ಸೌತೆಕಾಯಿ ಹೆಚ್ಚಬಾರದೆಂದು ಅವಳಿಂದ ಬೈಸಿಕೊಂಡೇ ಕಲಿತ. ಕೆಂಡದಲ್ಲಿ ಸುಟ್ಟ ಆಲೂಗಡ್ಡೆಯನ್ನು ಊದಿ ಊದಿ ಸುಲಿದು, ಮೊದಲ ತುಂಡನ್ನು ಅವಳಿಗೆ ಕೊಡುತ್ತಿದ್ದ. ಎಲ್ಲರಿಗೂ ಬಡಿಸಿ ಪಾತ್ರೆಯ ತಳ ಬಳಿದು ತಿನ್ನುವವಳಿಗೆ ಮೊದಲ ತುಂಡಿನ ರುಚಿ ಹೊಸದು...

ಒಂದು ದಿನ ಅತಿಥಿಗಳು ಹಟ ಹಿಡಿದರು. ಮಾವ ಮತ್ತೆ ಕೋಳಿ ತರಿಸಿದ. ಅವಳೇ ಕೋಳಿಯ ಡಬ್ಬಿಯ ತುಂಬ ಐಸ್ ಸುರಿದು, ಮುಚ್ಚಳ ಬಿಗಿದು, ಜೀಪಿಗೆ ಏರಿಸಿದಳು. ಸಂಜೆ ಕೆರೆಯ ದಂಡೆಯಲ್ಲಿ ಒಲೆ ಹೂಡಿ ಮುಚ್ಚಳ ತೆಗೆದರೆ, ಐಸ್ ಇಲ್ಲ. ಕೋಳಿ ಕೈಗೆ ಬೆಚ್ಚಗೆ ತಾಗಿತು.

ಬೆಳಗ್ಗೆ ಜೀಪು ನಿಂತಾಗ ಗೈಡ್ ಆ ಡಬ್ಬಿಯ ಮೇಲೆ ಬಗ್ಗಿದ್ದನ್ನು ಅವಳು ಕಂಡಿದ್ದಳು. ಓಹೋ... ಮಾವ ಇಟ್ಟ ಕಣ್ಣು ಮಾವನ ಕೆಲಸವನ್ನೇ ಮಾಡಿತು! ಆ ಆಲೂಗಡ್ಡೆಯೂ ನಾಟಕವೇ?

“ಐಸ್ ತೆಗೆದದ್ದು ನೀವಾ?”

“ಹೌದು. ಅತಿಥಿಗಳ ಬಾಟಲಿ ತಣ್ಣಗಿಡೋಕೆ. ಹೋದ ಸಲ ಕೋಳಿ ತಂದಾಗಲೂ ಹಾಗೇ ಮಾಡಿದ್ದು, ಏನೂ ಆಗಲ್ಲ ಅಂದರು ನಿಮ್ಮ ಮಾವ.”

ಅವಳು ಡಬ್ಬಿಯತ್ತ ತಿರುಗಿ ನೋಡಿದಳು. ಹೋದ ಸಲ ಮಾವನೇ ಕೋಳಿ ತೊಳೆದು, ಕೊಚ್ಚಿ, ನೇರ ಪಾತ್ರೆಗೆ ಹಾಕೆಂದು ಕೊಟ್ಟಿದ್ದ. ಡಬ್ಬಿಯನ್ನು ಅವಳು ತೆರೆದೇ ಇರಲಿಲ್ಲ.

ಅವಳ ಮುಖ ನೋಡಿ ಗೈಡಿಗೂ ಎಲ್ಲ ಹೊಳೆಯಿತು.

“ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು,” ಎಂದ. “ಕೇಳಲಿಲ್ಲ. ತಪ್ಪು ನಂದು.”

ಅಷ್ಟರಲ್ಲಿ ಮಾವ ಬಂದ. ಚೆನ್ನಾಗಿ ಕುದಿಸಿ ಖಾರ ಜಾಸ್ತಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ.

“ಕುದಿಸಿದರೂ ಹೋಗದ ವಿಷ ಇರತ್ತೆ ಮಾವ. ಈ ಕೋಳಿ ಒಲೆಗೆ ಏರಲ್ಲ.”

ಅವಳು ದೂರದಲ್ಲಿ ಗುಂಡಿ ತೋಡಿ ಕೋಳಿಯನ್ನು ಹೂತಳು. ಸೋಪಿನಲ್ಲಿ ಕೈ ತೊಳೆದು ಬೇಳೆಗೆ ಎಸರಿಟ್ಟಳು. ಗಲಾಟೆ ಕೇಳಿ ಬಂದ ಅತಿಥಿಗಳಿಗೆ ಗೈಡ್ ಎಲ್ಲ ಹೇಳಿದ: ಐಸ್ ಎಲ್ಲಿಗೆ ಹೋಯಿತು, ಹೋದ ಸಲ ಎಲ್ಲಿಗೆ ಹೋಗಿತ್ತು, ತೆಗೆದ ಕೈ ಯಾರದು, ಹೇಳಿದ ಬಾಯಿ ಯಾರದು. ಒಬ್ಬ ಅತಿಥಿ ತನ್ನ ತಣ್ಣನೆಯ ಬಾಟಲಿಯನ್ನು ಮೆಲ್ಲನೆ ಕೆಳಗಿಟ್ಟ.

ಮಾವನ ಮುಖ ಕೆಂಡವಾಯಿತು. ಇವಳನ್ನು ಈಗಲೇ ಜೀಪಿನಲ್ಲಿ ದೊಡ್ಡ ರಸ್ತೆಗೆ ಬಿಟ್ಟು ಬಾ, ಇಲ್ಲವಾದರೆ ನಾಳೆಯಿಂದ ನಿನಗೂ ಕೆಲಸವಿಲ್ಲ ಎಂದು ಗೈಡಿನತ್ತ ಕೀಲಿ ಚಾಚಿದ.

“ತಗೊಳ್ಳಿ,” ಎಂದಳು ಅವಳು ಮೆಲ್ಲಗೆ. “ನನ್ನಿಂದ ನಿಮ್ಮ ಕೆಲಸ ಯಾಕೆ ಹೋಗಬೇಕು?”

ಗೈಡ್ ಅವಳ ಪಕ್ಕ ಕುಕ್ಕರಿಸಿ ಕೂತು ಒಲೆಗೆ ಸೌದೆ ತಳ್ಳಿದ. “ಕೆಲಸ ಹುಡುಕಿದರೆ ಸಿಗತ್ತೆ. ನೀವು ಸಿಗಲ್ಲ.”

“ಮಾವ ಕೇಳಿಸಿಕೊಳ್ತಿದ್ದಾರೆ...”

“ಕೇಳಲಿ. ನೀವಂದ್ರೆ ನನಗಿಷ್ಟ ಅಂತ ಅವರಿಗೂ ಗೊತ್ತಾಗಲಿ.”

ಉರಿಯ ಬೆಳಕಿನಲ್ಲಿ ಅವಳ ಕಣ್ಣು ತುಂಬಿತು. ಈ ಸಲ ಹೊಗೆಯ ನೆಪ ಬೇಕೆನಿಸಲಿಲ್ಲ.

“ಏಳೋ ಮೇಲೆ!” ಮಾವ ಗುಡುಗಿದ.

ಅವಳು ಸೌಟು ತಿರುವುತ್ತಲೇ ತಲೆಯೆತ್ತಿದಳು.

“ಬೇಳೆ ಇನ್ನೂ ಬೇಯಬೇಕು ಮಾವ. ನಾವು ಏಳಲ್ಲ.”