ದೂಧಗಂಗೆಯ ಬ್ಯಾಟರಿ ದೋಣಿ

ಮೋಟಾರ್ ನಿಂತಿತು. ನದಿ ನಿಲ್ಲಲಿಲ್ಲ.

ತೊಂಬತ್ಮೂರರ ಮಳೆಗಾಲ. ಸದಲಗಾದ ಹತ್ತಿರ ದೂಧಗಂಗೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ನಾವು ನಡುನೀರಿನಲ್ಲಿದ್ದೆವು. ಕೂಗಳತೆಯ ದೂರದಲ್ಲಿ ನದಿಗೆ ಅಡ್ಡ ಕಟ್ಟಿದ ಬಾಂದಾರ. ಅದರ ಮೇಲಿಂದ ನೀರು ಧುಮುಕುವ ಸದ್ದು ಎದೆಗೇ ಬಡಿಯುತ್ತಿತ್ತು.

ಬ್ಯಾಟರಿ ದೋಣಿಯ ಮೊದಲ ಓಟ. ಒಳಗೆ ನಾಲ್ವರು. ದೋಣಿ ಕಟ್ಟಿದ ರಾಜಾರಾಮ, ಪಂಪ್‌ಸೆಟ್ ಮೋಟಾರ್ ರಿಪೇರಿಯವನು. ಅದಕ್ಕೆ ಬ್ಯಾಟರಿ ಆರಿಸಿಕೊಟ್ಟ ಗೌರಾಬಾಯಿ. ಎರಡು ಆಡುಗಳ ಸಮೇತ ಮುದುಕಿ ಕೆಂಪವ್ವ. ಮತ್ತು ನಾನು, ಲಗಮಣ್ಣ. ಮಾಜಿ ಹವಾಲ್ದಾರ. ಆ ಬ್ಯಾಟರಿಗಳನ್ನು ಕಾಯಲೆಂದೇ ನೇಮಿಸಿಕೊಂಡ ಆಳು.

"ನಾಲ್ಕೂ ಬ್ಯಾಟರಿ ಸತ್ತಾವು," ರಾಜಾರಾಮ ಮೀಟರ್ ನೋಡಿ ಹೇಳಿದ. "ಲಗಮಣ್ಣಾ, ಯಾರ ಮುಟ್ಟಿದ್ರು ಇವನ್ನ?"

"ಯಾರೂ ಇಲ್ಲ."

"ಮತ್ತ ಹೆಂಗ..."

ಹುಟ್ಟು ಹಿಡಿದೆ. ಸೆಳವಿಗೆ ಕೊಟ್ಟು ಎಳೆದೆ. ಅದು ಲಟಕ್ಕನೆ ಮುರಿಯಿತು. ಕೆಂಪವ್ವ ಆಡುಗಳನ್ನು ತಬ್ಬಿಕೊಂಡು ದೇವರ ಹೆಸರು ಶುರು ಮಾಡಿದಳು. ದೋಣಿ ಅಡ್ಡಕ್ಕೆ ತಿರುಗಿತು. ಗೌರಾಬಾಯಿ ತೋಳು ಚಾಚಿ ಹಿಡಿದದ್ದು ರಾಜಾರಾಮನ ಭುಜ.

ಸಾಯುವ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು.

ಆಗ ಡೀಸೆಲ್ ವಾಸನೆ ಬಂತು. ದಿನಾ ಜನರನ್ನು ನದಿ ದಾಟಿಸುವ ಅಣ್ಣಾಸಾಬನ ಲಾಂಚು ಹೊಗೆ ಉಗುಳುತ್ತ ಹತ್ತಿರ ಬಂತು. ಹಗ್ಗ ಹಾರಿ ಬಂತು. ನಾನು ಅದನ್ನು ದೋಣಿಯ ಮೂತಿಗೆ ಬಿಗಿದೆ. ಅಂಗೈ ಸುಲಿದು ಹೋಯಿತು. ಬಾಂದಾರ ಮಾತ್ರ ಹಿಂದೆ ಉಳಿಯಿತು.

ದಂಡೆ ಮುಟ್ಟಿದೆವು. ಗೌರಾಬಾಯಿ ಒಂದು ಬ್ಯಾಟರಿಯ ಬಿರಡೆ ತೆಗೆದಳು. ಮೂಗು ಹತ್ತಿರ ತಂದು ತಟ್ಟನೆ ಹಿಂದೆ ಸರಿದಳು. ಬ್ಲೀಚಿಂಗ್ ಪೌಡರಿನಂಥ ಘಾಟು.

"ಉಪ್ಪು. ಒಳಗ ಯಾರೋ ಉಪ್ಪು ಹಾಕ್ಯಾರ."

"ಮುಂಜಾನೆ ಹೈಡ್ರೋಮೀಟರ್ ಇಟ್ಟು ನೋಡಿದ್ವಲ್ಲ?" ರಾಜಾರಾಮ ಕೇಳಿದ.

"ಉಪ್ಪು ಕರಗಿದ್ರೂ ಒಳಗಿನ ಆ್ಯಸಿಡ್ ದಪ್ಪಾಗಿ ಹೈಡ್ರೋಮೀಟರ್ ಮ್ಯಾಲ ತೇಲತೈತಿ. ಪೂರ್ತಿ ಚಾರ್ಜ್ ಆದಂಗ ಕಾಣತೈತಿ." ನನ್ನ ಕಡೆ ತಿರುಗಿದಳು. "ಕಾಯಾಕ ನೀವ ಇದ್ರಿ, ಹವಾಲ್ದಾರ್ರ."

ಬಾಂದಾರಕ್ಕೆ ಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗೌರಾಬಾಯಿಯ ಬಗ್ಗೆ ಹೇಳಬೇಕು. ನಿಪ್ಪಾಣಿಯಲ್ಲಿ ಬ್ಯಾಟರಿ ಅಂಗಡಿ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿದವಳು. ನಾನು ದಿನಾ ಚಹಾದ ನೆಪದಲ್ಲಿ ಅಲ್ಲಿ ಕೂರುತ್ತಿದ್ದೆ. ರಾಜಾರಾಮ ಬಂದ ದಿನವೂ ಅಲ್ಲೇ ಇದ್ದೆ.

ಅವನು ಲಾರಿ ಬ್ಯಾಟರಿ ಕೇಳಿದ.

"ಲಾರೀದು ಒಮ್ಮೆ ಜೋರ ಒದ್ದು ಎಂಜಿನ್ ಎಬ್ಬಸತೈತಿ, ಆಮ್ಯಾಲ ಸುಮ್ನಾಗತೈತಿ," ಅಂದಳು. "ನಿಮಗ ತಾಸುಗಟ್ಟಲೆ ನಿಧಾನಕ್ಕ ಕೊಡಾದು ಬೇಕು. ದಪ್ಪ ಪ್ಲೇಟಿನ ಟ್ಯೂಬುಲರ್ ತಗೋರಿ."

"ಭಾಳ ಭಾರ ಆಗತಾವಲ್ರಿ?"

"ನಡುವ ತಳಕ್ಕ ಇಡ್ರಿ. ಆ ಭಾರನ ದೋಣಿ ಹೊಯ್ದಾಡದಂಗ ಹಿಡೀತೈತಿ. ಗಾಳಿ ಆಡಾಕ ಕಿಂಡಿ ಬಿಡ್ರಿ, ಗ್ಯಾಸ್ ತುಂಬಿದ್ರ ಕಿಡಿಗೆ ಹಾರತೈತಿ. ಮತ್ತ ನಾಲ್ಕೂ ಒಂದ ವಯಸ್ಸಿನವು ಇರಲಿ. ಒಂದು ಮುದುಕ ಆಗಿದ್ರ ಉಳಿದವನ್ನೂ ಕೆಡಸತೈತಿ."

ಇಬ್ಬರೂ ನಕ್ಕರು. ಅವಳು ನನ್ನ ಕಡೆ ನೋಡಿ ಹೇಳಿದ್ದೇನಲ್ಲ. ಆದರೂ ನನಗೆ ತಾಗಿತು.

ಅಂದಿನಿಂದ ಅವನು ವಾರವೆಲ್ಲ ಅಂಗಡಿಯಲ್ಲೇ. ಎರಡು ತಲೆ ಒಂದು ಬ್ಯಾಟರಿ ಮೇಲೆ ಬಗ್ಗಿರುತ್ತಿದ್ದವು. ಅಣ್ಣಾಸಾಬ ದೋಣಿ ಸುಡುತ್ತೇನೆಂದು ಬೆದರಿಸಿದಾಗ, ಕಾವಲಿಗೆ ನನ್ನ ಹೆಸರು ಹೇಳಿದವಳು ಅವಳೇ. ನಾನು ಒಪ್ಪಿದೆ. ಬ್ಯಾಟರಿ ಕಾಯಲು ಹೋದರೆ ಅವರಿಬ್ಬರನ್ನೂ ಕಾಯಬಹುದಿತ್ತು.

ಆ ದಿನ ಅವಳ ಮಾತು ಕೇಳಿದವನೇ ದಂಡೆಯಿಂದ ಸೀದಾ ಅಣ್ಣಾಸಾಬನ ಲಾಂಚು ಹತ್ತಿದೆ. ಕಾಲರ್ ಹಿಡಿದೆ. ಅವನ ಕೈಯಲ್ಲಿ ಎಂಜಿನ್ ತಿರುವುವ ಹ್ಯಾಂಡಲ್ ಇತ್ತು. ಅದು ನನ್ನ ಕಿವಿಯ ಪಕ್ಕದಲ್ಲಿ ಕಬ್ಬಿಣಕ್ಕೆ ಬಡಿಯಿತು. ಮಣಿಕಟ್ಟು ತಿರುಚಿದೆ. ಹ್ಯಾಂಡಲ್ ನೀರಿಗೆ ಬಿತ್ತು.

"ಉಪ್ಪು ಯಾರ ಕೈಲೆ ಹಾಕಸಿದಿ?"

"ಯಾವ ಉಪ್ಪಲೇ? ಆ ದೋಣಿ ನಡದ್ರ ನನ್ನ ಲಾಂಚಿಗೆ ಯಾರೂ ಬರಂಗಿಲ್ಲ, ಖರೆ. ನನಗ ಹೊಟ್ಟಿ ಉರಿತೈತಿ, ಅದೂ ಖರೆ. ಆದ್ರ ಮುಳಗಸಾಂವ ಹಗ್ಗ ಯಾಕ ಒಗೀತಾನ, ಹವಾಲ್ದಾರ?"

ಕಾಲರ್ ಬಿಟ್ಟೆ.

ಬ್ಯಾಟರಿಗಳು ಚಾರ್ಜಿಗಿದ್ದದ್ದು ಸದಲಗಾದಲ್ಲಿ, ರಾಜಾರಾಮನ ಮನೆಯ ಹಿಂದಿನ ಕೋಣೆಯಲ್ಲಿ. ನಾನು ಬೀದಿ ಕಾದಿದ್ದೆ, ಹಿತ್ತಲ ಗೋಡೆ ಕಾದಿದ್ದೆ. ಹೊರಗಿನವರು ನುಗ್ಗಲು ಸಾಧ್ಯವಿರಲಿಲ್ಲ. ಒಳಗೆ ಇದ್ದದ್ದು ಒಬ್ಬಳೇ.

ನಾನು ಹೋದಾಗ ರಾಜಾರಾಮನ ಹೆಂಡತಿ ಅಕ್ಕವ್ವ ಜೋಳ ಹಸನು ಮಾಡುತ್ತಿದ್ದಳು. ನನ್ನ ಒದ್ದೆ ಬಟ್ಟೆ ನೋಡಿದಳು. ಮೊರ ಕೆಳಗಿಟ್ಟಳು.

"ಅವರು ಆರಾಮ ಅದಾರೇನ್ರಿ?"

"ಅದಾನ. ಬಾಂದಾರಕ್ಕ ಬೀಳಾಕ ನಾಲ್ಕ ಮಾರು ಉಳದಿತ್ತು."

ಅವಳ ಮುಖದ ಬಣ್ಣ ಹೋಯಿತು. "ದಂಡೀಮ್ಯಾಗ ಚಾಲೂನ ಆಗಂಗಿಲ್ಲ ಅಂದ್ಕೊಂಡಿದ್ದೆ. ಜನದ ಮುಂದ ನಾಚಿಕಿ ಆಗಲಿ, ಆಕಿ ಸಂಗ ಬಿಡಲಿ ಅಂತ..."

"ಉಪ್ಪು ಹಾಕಿದ್ರ ಕೆಡತೈತಿ ಅಂತ ಯಾರ ಹೇಳಿದ್ರು?"

"ಅವರ ಹೇಳಿದ್ರು. ಸವಳ, ಉಪ್ಪುಪ್ಪು ನೀರು ಬಿದ್ರ ಕೆಡತಾವು, ಬಾವಿ ನೀರು ಹಾಕಬ್ಯಾಡ ಅಂತ. ಉಣ್ಣಾಕ ಕುಂತ್ರೂ ಬ್ಯಾಟರಿ ಮಾತು, ಗೌರಾಬಾಯಿ ಹಂಗ ಅಂದ್ಳು, ಹಿಂಗ ಅಂದ್ಳು." ಸೆರಗಿನಲ್ಲಿ ಕಣ್ಣೊರೆಸಿ ನನ್ನನ್ನೇ ದಿಟ್ಟಿಸಿದಳು. "ನೀವೂ ದಿನಾ ನೋಡೀರಿ ಅವರಿಬ್ಬರನ್ನ. ನಿಮಗ ಉರಿಯಂಗಿಲ್ಲೇನ್ರಿ?"

ಪೊಲೀಸ್ ಕೆಲಸದಲ್ಲಿ ಎಷ್ಟೋ ಜನರನ್ನು ಪ್ರಶ್ನಿಸಿದ್ದೇನೆ. ಯಾರೂ ತಿರುಗಿ ಇಂಥದ್ದು ಕೇಳಿರಲಿಲ್ಲ.

ಅಣ್ಣಾಸಾಬನ ಮೇಲೆ ಹೊರಿಸಿದ್ದರೆ ಊರೆಲ್ಲ ನಂಬುತ್ತಿತ್ತು. ಆದರೆ ನಿಜ ಹೇಳಿದರೆ ರಾಜಾರಾಮ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನನ್ನ ತಲೆಯಲ್ಲಿ ಆ ಲೆಕ್ಕವೂ ಓಡಿತು.

ದಂಡೆಗೆ ವಾಪಸು ಬಂದು ಇಬ್ಬರಿಗೂ ನಿಜ ಹೇಳಿದೆ.

ರಾಜಾರಾಮ ದಂಡೆಯ ಮೇಲೆ ತಲೆ ಹಿಡಿದು ಕೂತ. ಗೌರಾಬಾಯಿ ಕೂರಲಿಲ್ಲ.

"ಇಷ್ಟು ವರ್ಷಕ್ಕ ನನ್ನ ಕೆಲಸದ ಬಗ್ಗೆ ನೆಟ್ಟಗ ಮಾತಾಡಾಂವ ಒಬ್ಬ ಸಿಕ್ಕಿದ್ದ. ಅಷ್ಟ." ನನ್ನನ್ನು ನೋಡಿದಳು. "ನೀವೂ ಆಕಿ ಹಂಗ ತಿಳದಿದ್ರೇನು?"

ಸುಳ್ಳು ಹೇಳಲು ಬಾಯಿ ತೆರೆದೆ. ಹೊರಬಿದ್ದದ್ದು "ಹೌದು".

"ನಾಳಿಂದ ಅಂಗಡಿ ಕಡೆ ಬರಬ್ಯಾಡ್ರಿ, ಹವಾಲ್ದಾರ್ರ."

ಮರುದಿನ ಅವಳೇ ಸದಲಗಾಕ್ಕೆ ಹೋದಳಂತೆ. ಅಕ್ಕವ್ವನ ಎದುರು ಕೂತಳಂತೆ. ಏನು ಮಾತಾಯಿತೋ ಯಾರಿಗೂ ತಿಳಿಯದು. ಹೊಸ ನಾಲ್ಕು ಬ್ಯಾಟರಿ ಬಂದವು. ದೀಪಾವಳಿಯ ಹೊತ್ತಿಗೆ ದೋಣಿ ಸದ್ದಿಲ್ಲದೆ ನದಿ ದಾಟತೊಡಗಿತು.

ಈಗ ಅಂಗಡಿಗೆ ರಾಜಾರಾಮ ಹೋಗುವುದಿಲ್ಲ. ನಾನೂ ಹೋಗುವಂತಿಲ್ಲ. ಹೋಗುವವಳು ಅಕ್ಕವ್ವ. ಇಬ್ಬರು ಹೆಂಗಸರು ತಾಸುಗಟ್ಟಲೆ ಕೂತು ಮಾತಾಡುತ್ತಾರೆ, ನಗುತ್ತಾರೆ. ಯಾರ ಬಗ್ಗೆ ಅಂತ ಕೇಳುವ ಧೈರ್ಯ ನಮ್ಮಿಬ್ಬರು ಗಂಡಸರಿಗೂ ಇಲ್ಲ.