ಟೀಚರ್ ಒಬ್ಬಳಿಗೇ ಗೊತ್ತಿರಲಿಲ್ಲ!

"ಕೈ ಬಿಡ್ರಿ ಟೀಚರ್... ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ! ಹತ್ತು ದಿನ ಆತು, ನಿಮಗ ಒಂದು 'ಅ' ಬರೆಯಾಕ ಬರವಲ್ದು. ಕೈ ಹಿಡಿದು ತಿದ್ದಿಸದ ಇನ್ನೇನು ಮಾಡ್ಲಿ ನಾನು?"

ಗಂಗಾಂಬಿಕಾ ಗುಡುಗಿದಳು. ಬಳಪ ಹಿಡಿದಿದ್ದ ಹೊನ್ನೂರುಸ್ವಾಮಿಯ ಕೈ ಅವಳ ಮುಷ್ಟಿಯೊಳಗಿತ್ತು. ಅವಳ ಕೈಗಿಂತ ಎರಡು ಪಟ್ಟು ದೊಡ್ಡ ಕೈ, ಒರಟು ಕೈ. ಸ್ಲೇಟಿನ ಮೇಲೆ 'ಅ' ಮೂಡಿತು. ಆದರೆ ಅವಳ ಎದೆ ಯಾಕೋ ಡವಡವ ಹೊಡೆದುಕೊಳ್ಳತೊಡಗಿತು.

'ಥೂ! ಪಾಠ ಹೇಳೋಕೆ ಬಂದವಳಿಗೆ ಇದೆಲ್ಲ ಬೇಕಾ?'

ಅವಳು ಥಟ್ಟನೆ ಕೈ ಬಿಟ್ಟಳು. ಚಾಪೆಯ ಮೇಲೆ ಕುಳಿತಿದ್ದ ಹನ್ನೆರಡು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು. ಅವರು ಯಾಕೆ ನಕ್ಕರು ಅನ್ನುವುದು ಅವಳಿಗೆ ಆಗ ಗೊತ್ತಾಗಿದ್ದರೆ, ಸ್ಲೇಟು ಅವತ್ತೇ ಅವನ ತಲೆಯ ಮೇಲೆ ಒಡೆಯುತ್ತಿತ್ತು.

ಗಂಗಾಂಬಿಕಾಗೆ ಇಪ್ಪತ್ತೇಳು. ಊರು ಕಂಪ್ಲಿ. ಮೆಟ್ರಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ. ಸಂಜೆ ಐದಕ್ಕೆ ಆ ಕೆಲಸ ಮುಗಿದ ಮೇಲೆ ಬಸ್ ಹತ್ತಿ ಮನೆಗೆ ಹೋಗುವುದು ಬಿಟ್ಟು, ಓದು ಬಾರದ ದೊಡ್ಡವರನ್ನು ಅಲ್ಲೇ ಕೂಡಿಸಿಕೊಂಡು ಅಕ್ಷರ ಕಲಿಸುತ್ತಿದ್ದಳು. ಯಾರೂ ಹೇಳಿದ್ದಲ್ಲ, ಅವಳಿಗೇ ಬಂದ ಹಟ. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ.

ಹೊನ್ನೂರುಸ್ವಾಮಿ ತನ್ನ ತಾಯಿ ತಾಯಕ್ಕನನ್ನು ಕರೆದುಕೊಂಡು ಬಂದವನು. ಮೂವತ್ತೊಂದರ ಗಂಡಸು. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ. ಮೊದಲ ಶಿಫ್ಟು ಮುಗಿಸಿ, ಬಸ್ಸಿಳಿದು, ನೀಲಿ ಶರ್ಟಿನಲ್ಲೇ ಬಂದಿದ್ದ. ಗದ್ದೆ ಕೂಲಿಗೆ ಹೋಗುವ ತಾಯಕ್ಕ ಬಾಗಿಲಲ್ಲೇ ಮಗನ ತೋಳು ಹಿಡಿದು ನಿಂತಿದ್ದಳು.

"ಅಮ್ಮಗ ಓದಾಕ ಬರಂಗಿಲ್ಲ, ಸರಿ. ನಿಮಗ?" ಗಂಗಾ ರಿಜಿಸ್ಟರ್ ತೆರೆದು ಕೇಳಿದ್ದಳು.

"ನನಗೂ ಬರಂಗಿಲ್ರಿ."

"ಒಂದಕ್ಷರಾನೂ?"

"ಒಂದೂ ಇಲ್ರಿ."

ನೆಲ ನೋಡುತ್ತ ಹೇಳಿದ್ದ. 'ಪಾಪ, ಎಷ್ಟು ಸಂಕೋಚ!' ಅಂದುಕೊಂಡು ಅವಳು ಹೆಸರು ಬರೆದುಕೊಂಡು, ಕೆಳಗೆ ತನ್ನ ಸಹಿಯನ್ನೂ ಹಾಕಿದ್ದಳು.

ನಾಲ್ಕು ತಿಂಗಳು ಕಳೆಯಿತು. ಹೆಂಗಸರೆಲ್ಲ ಕಾಗುಣಿತ ಮುಗಿಸಿದರು. ಹೊನ್ನೂರುಸ್ವಾಮಿ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇವತ್ತು ಬರೆದದ್ದು ನಾಳೆಗೆ ಮರೆತ! ಅವನು ತಪ್ಪು ಬರೆದಾಗಲೆಲ್ಲ ತಾಯಕ್ಕ ಬಳಪ ಕಸಿದುಕೊಳ್ಳುತ್ತಿದ್ದಳು. "ಲೇ, ಹಂಗಲ್ಲ! ಇಲ್ಲಿ ನೋಡು, ಹಿಂಗ!" ಎಂದು ಮಗನಿಗೆ ತಿದ್ದಿ ತೋರಿಸುತ್ತಿದ್ದಳು.

"ಶಾಣ್ಯಾ ಅವ್ವಗ ಎಂಥಾ ದಡ್ಡ ಮಗ ಹುಟ್ಯಾನ ನೋಡ್ರಿ!" ಎಂದು ಗಂಗಾ ಒಂದು ದಿನ ಎಲ್ಲರೆದುರು ನಕ್ಕೇಬಿಟ್ಟಳು. ಅವನು ತಲೆ ಎತ್ತಲಿಲ್ಲ.

ಆದರೆ ಆ ದಡ್ಡನೇ ಕೆಟ್ಟು ಕೂತಿದ್ದ ಫ್ಯಾನು ಸರಿ ಮಾಡಿದ. ಅವಳು ಹೊರಟಾಗ ಬಸ್ ಬರುವವರೆಗೆ ದೂರದಲ್ಲಿ ನಿಂತಿರುತ್ತಿದ್ದ, ಬಸ್ ಹತ್ತಿದ ಮೇಲೆಯೇ ಮನೆಗೆ ಹೋಗುತ್ತಿದ್ದ. ಸಂಜೆ ಐದಾದರೆ ಸಾಕು, ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. 'ಓದು ಬಾರದಿದ್ದರೆ ಏನಾಯಿತು? ನಾನು ಕಲಿಸುತ್ತೇನೆ. ಜೀವನವಿಡೀ ಬೇಕಾದರೂ ಕಲಿಸುತ್ತೇನೆ...' ಅಲ್ಲಿಯವರೆಗೂ ಹೋಗಿತ್ತು ಹುಡುಗಿಯ ಮನಸ್ಸು!

ಅಕ್ಷರ ಕಲಿತ ದೊಡ್ಡವರಿಗೆ ಸರ್ಕಾರ ನಡೆಸುವ ಪರೀಕ್ಷೆ ಭಾನುವಾರ ಎಂದು ಗೊತ್ತಾಯಿತು. ಶುಕ್ರವಾರ ಗಂಗಾ ಪರೀಕ್ಷೆಯ ಚೀಟಿಗಳನ್ನು ತರಲು ಕಂಪ್ಲಿಯ ಕಚೇರಿಗೆ ಹೋಗಿ, ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದಳು.

ಅಲ್ಲಿ, ಕಲ್ಲುಬೆಂಚಿನ ಮೇಲೆ, ಶಿಫ್ಟು ಮುಗಿಸಿ ಬಂದು ಮೆಟ್ರಿ ಬಸ್ಸಿಗೆ ಕಾಯುತ್ತ ಹೊನ್ನೂರುಸ್ವಾಮಿ ಕುಳಿತಿದ್ದ. ತೊಡೆಯ ಮೇಲೆ ಪೇಪರು. ಕೈಯಲ್ಲಿ ಪೆನ್ನು.

ಪದಬಂಧ ತುಂಬಿಸುತ್ತಿದ್ದ!

ಅವಳು ಹಿಂದಿನಿಂದ ಹೋಗಿ ಬಗ್ಗಿ ನೋಡಿದಳು. ಮುಕ್ಕಾಲು ಪಾಲು ತುಂಬಿಸಿದ್ದ. ಅದೂ ಎಂಥಾ ಅಕ್ಷರ, ಅಚ್ಚು ಹಾಕಿದ ಹಾಗೆ! ಗಂಗಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಭಾಳ ಚೆಂದ ಐತಿ ಅಕ್ಷರ!"

ಅವನು ಬೆಚ್ಚಿಬಿದ್ದು ಎದ್ದು ನಿಂತ. ಪೇಪರು ಕೆಳಗೆ ಬಿತ್ತು.

"ಟೀಚರ್..."

"ಟೀಚರ್ ಅನ್ನಬ್ಯಾಡ್ರಿ ನನ್ನ! ಎಷ್ಟು ಓದೀರಿ?"

"...ಐಟಿಐ ಆಗೇತ್ರಿ."

"ಐಟಿಐ! ನಾಲ್ಕು ತಿಂಗಳು ನನ್ನ ಕಿವಿ ಮ್ಯಾಲ ಹೂ ಇಟ್ರಲ್ರೀ! ನಿಮ್ಮ ಕೈ ಹಿಡಿದು 'ಅ' ತಿದ್ದಿಸಿದ್ನಲ್ಲ, ನಾಚಿಗಿ ಆಗಲಿಲ್ಲ ನಿಮಗ? ಓದು ಬರದವ್ರ ರಿಜಿಸ್ಟರಿನ್ಯಾಗ ನಿಮ್ಮ ಹೆಸರು, ಅದರ ಕೆಳಗ ನನ್ನ ಸಹಿ!"

ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ, ಅವಳಿಗೇನು!

"ತಪ್ಪಾತ್ರಿ," ಎಂದ ಅವನು ಮೆಲ್ಲಗೆ. "ಕಾರಣ ಐತಿ. ಆದ್ರ ಅದನ್ನ ಹೇಳಾಕ ಬರಂಗಿಲ್ಲ ನನಗ."

"ಕಾರಣ ನನಗ ಗೊತ್ತಿಲ್ಲೇನು? ಟೀಚರ್ ಹುಡುಗಿ ನೋಡಾಕ ಚೆಂದ ಅದಾಳ, ಕುಂತು ನೋಡೋಣ ಅಂತ ಬಂದ್ರಿ. ಹೌದಲ್ಲೋ?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಮಹಾನುಭಾವ ಅವಳ ಕಣ್ಣಲ್ಲಿ ಕಣ್ಣಿಟ್ಟು, "ಅದೂ ಸುಳ್ಳಲ್ರಿ..." ಅಂದುಬಿಟ್ಟ!

ಬೆಂಕಿಗೆ ಎಣ್ಣೆ ಸುರಿಯಲು ಇವನಿಗೆ ಇದೇ ಹೊತ್ತು ಸಿಕ್ಕಿತೇ? ಗಂಗಾ ಅವನನ್ನು ಅಲ್ಲೇ ಬಿಟ್ಟು ಬಸ್ ಹತ್ತಿದಳು. ಕಿಟಕಿಯ ಕಡೆ ಮುಖ ಮಾಡಿಕೊಂಡು ಮೆಟ್ರಿ ಬರುವವರೆಗೂ ಅತ್ತಳು.

ಸಂಜೆ ಕ್ಲಾಸಿನಲ್ಲಿ ರಿಜಿಸ್ಟರ್ ತೆರೆದು, ಕೆಂಪು ಪೆನ್ನಿನಿಂದ ಅವನ ಹೆಸರಿನ ಮೇಲೆ ಗೆರೆ ಎಳೆದಳು. ಕಾಗದ ಹರಿಯುವಷ್ಟು ಒತ್ತಿ ಎಳೆದಳು. ಅವನು ಬಂದಿರಲಿಲ್ಲ. ತಾಯಕ್ಕ ಮೂಲೆಯಲ್ಲಿ ಮುದುಡಿ ಕುಳಿತಿದ್ದಳು.

"ಹೊನ್ನೂರುಸ್ವಾಮಿಗೆ ಓದು ಬರ್ತದ ಅಂತ ಯಾರ್ಯಾರಿಗೆ ಗೊತ್ತಿತ್ತು?"

ಎಲ್ಲರೂ ಸ್ಲೇಟು ನೋಡತೊಡಗಿದರು. ಕೊನೆಗೆ ಹಿರಿಯಳಾದ ಚೆನ್ನಬಸಮ್ಮ ಗಂಟಲು ಸರಿ ಮಾಡಿಕೊಂಡಳು.

"ನಮ್ಮ ಓಣಿಗೆ ಯಾವ ಕಾಗದ ಬಂದ್ರೂ ಅವನೇ ಓದಿ ಹೇಳೋದು ಟೀಚರವ್ವ. ನಿನಗೊಬ್ಬಾಕಿಗೇ ಗೊತ್ತಿರ್ಲಿಲ್ಲ."

ನಿನಗೊಬ್ಬಳಿಗೇ! ಹನ್ನೆರಡು ಜನ ಸೇರಿ ನಾಲ್ಕು ತಿಂಗಳು ತನ್ನನ್ನು ನೋಡಿ ನಕ್ಕಿದ್ದಾರೆ! ಗಂಗಾ ರಿಜಿಸ್ಟರನ್ನು ಪಟ್ಟನೆ ಮುಚ್ಚಿದಳು.

"ಎಲ್ಲಾರೂ ಕೂಡಿ ನನ್ನ ಮಂಗ್ಯಾ ಮಾಡಿದ್ರಿ. ಇಂಥಾ ಸುಳ್ಳಿನ ಮನುಷ್ಯಾಗ ನನ್ನ ಕ್ಲಾಸಿನ್ಯಾಗ ಜಾಗ ಇಲ್ಲ. ಮುಗೀತು!"

ತಾಯಕ್ಕ ಎದ್ದಳು. ತನ್ನ ಸ್ಲೇಟನ್ನು ತಂದು ಮೇಜಿನ ಮೇಲಿಟ್ಟಳು.

"ಅವನಿಲ್ಲದ ಮ್ಯಾಲ ನನಗೂ ಬ್ಯಾಡವ್ವ."

ಗಂಗಾ ತಡೆಯಲಿಲ್ಲ. ಸಿಟ್ಟು ತಡೆಯಲು ಬಿಡಲಿಲ್ಲ. ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಪರೀಕ್ಷೆಗೆ ಎರಡು ದಿನ ಇರುವಾಗ ಬಾಗಿಲು ದಾಟಿ ಹೋದಳು.

ಭಾನುವಾರ ಮೆಟ್ರಿಯ ಶಾಲೆಯಲ್ಲಿ ಪರೀಕ್ಷೆಗೆ ಹನ್ನೊಂದು ಜನ ಕುಳಿತಿದ್ದರು. ತಾಯಕ್ಕನ ಜಾಗ ಖಾಲಿ. ಮೇಲ್ವಿಚಾರಣೆಗೆ ಬಂದಿದ್ದ ಉಚ್ಚೆಂಗಪ್ಪ ಮೇಷ್ಟ್ರು ಗಡಿಯಾರ ನೋಡಿದರು.

"ಒಬ್ಬರು ಬಂದಿಲ್ಲೇನಮ್ಮ?"

"ಬರ್ತಾರ್ರಿ ಸರ್. ಬರಲಿಲ್ಲ ಅಂದ್ರ ಎಳಕೊಂಡು ಬರ್ತೀನಿ!"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಹೊನ್ನೂರುಸ್ವಾಮಿ ಮನೆಯ ಕಟ್ಟೆಯ ಮೇಲೆ ಕುಳಿತು ಒಳಗಿದ್ದ ತಾಯಿಯನ್ನು ಬೇಡಿಕೊಳ್ಳುತ್ತಿದ್ದ. ಗಂಗಾ ಅವನ ಮುಖ ನೋಡಲಿಲ್ಲ.

"ಅಮ್ಮಾ, ನನ್ನ ಸಿಟ್ಟು ನಿಮ್ಮ ಮಗನ ಮ್ಯಾಲ. ನೀವ್ಯಾಕ ಪರೀಕ್ಷೆ ಬಿಡ್ತೀರಿ? ನಾಲ್ಕು ತಿಂಗಳು ಕಲಿತದ್ದು ನೀವು!"

"ಅವನು ಮಗ್ಗಲದಾಗ ಇಲ್ಲಂದ್ರ ನನಗ ಕೈ ನಡುಗ್ತಾವವ್ವ," ಎಂದಳು ತಾಯಕ್ಕ ಒಳಗಿನಿಂದ.

ಗಂಗಾ ಹಲ್ಲು ಕಚ್ಚಿದಳು.

"ಆತು. ಕಿಟಕಿ ಹೊರಗ ನಿಂದ್ರಲಿ. ನಿಮಗ ಕಾಣೋ ಹಂಗ ನಿಂದ್ರಲಿ. ಬಾಯಿ ಬಿಟ್ರ ಮಾತ್ರ ನಾನು ಸುಮ್ಕಿರಂಗಿಲ್ಲ!"

ಅವನು ನಿಂತ. ಮೆಟ್ರಿಯ ಬಿಸಿಲು ಅಂದರೆ ಏನು ಸಾಮಾನ್ಯವೇ? ಶಾಲೆಯ ಅಂಗಳದಲ್ಲಿ, ಕಿಟಕಿಯ ಎದುರು, ಗಿಡದ ನೆರಳೂ ಇಲ್ಲದ ಜಾಗದಲ್ಲಿ ಮೂರು ತಾಸು ನಿಂತ. ಶರ್ಟು ಬೆವರಿನಲ್ಲಿ ತೊಯ್ದು ಮೈಗೆ ಅಂಟಿತು. ತಾಯಕ್ಕ ಆಗಾಗ ತಲೆ ಎತ್ತಿ ನೋಡುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು.

'ನಿಲ್ಲಲಿ, ಸುಟ್ಟುಹೋಗಲಿ!' ಅಂದುಕೊಂಡ ಗಂಗಾಳೇ ಎರಡು ಸಲ ನೀರಿನ ಬಾಟಲಿ ಕೈಗೆತ್ತಿಕೊಂಡು, ಎರಡು ಸಲವೂ ಕೆಳಗಿಟ್ಟಳು.

ಪರೀಕ್ಷೆ ಮುಗಿಯಿತು. ಮೇಷ್ಟ್ರು ಕಟ್ಟಲು ಕೊಟ್ಟ ಉತ್ತರ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಮೇಲೆ ತಾಯಕ್ಕನದಿತ್ತು. 'ನೀವು ಮರೆಯದ ಒಂದು ದಿನದ ಬಗ್ಗೆ ಬರೆಯಿರಿ' ಎಂಬುದು ಕೊನೆಯ ಪ್ರಶ್ನೆ. ದೊಡ್ಡ ದೊಡ್ಡ ಅಕ್ಷರ. ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿದ್ದವು.

'ನನ್ನ ಮಗ ಏಳನೇ ಕ್ಲಾಸು. ಮಾರ್ಕ್ಸ್ ಕಾರ್ಡು ತಂದ. ನಾನು ತಲೆಕೆಳಗೆ ಹಿಡಿದು ಹೆಬ್ಬೆಟ್ಟು ಒತ್ತಿದೆ. ಅವನ ಗೆಳೆಯರು ನಕ್ಕರು. ಅವನೂ ನಕ್ಕ. ಆವತ್ತಿನಿಂದ ನಾನು ಕಾಗದ ಮುಟ್ಟಲಿಲ್ಲ. ಈಗ ಅವನೇ ಕ್ಲಾಸಿಗೆ ಹೋಗು ಅಂದ. ನಗುತ್ತಾರೆ ಹೋಗಲ್ಲ ಅಂದೆ. ನಾನೂ ಬರುತ್ತೇನೆ ಅವ್ವ, ನಗುವವರು ಮೊದಲು ನನ್ನ ನೋಡಿ ನಗಲಿ ಅಂದ. ಟೀಚರ್ ದಿನಾ ಬೈದರು. ನಕ್ಕರು. ನನ್ನ ಮಗ ತಲೆ ಎತ್ತಲಿಲ್ಲ. ಅವನ ತಪ್ಪು ತಿದ್ದಿ ತಿದ್ದಿ ನಾನು ಕಲಿತೆ.'

ಗಂಗಾಳಿಗೆ ಮುಂದಿನ ಸಾಲು ಕಾಣಲಿಲ್ಲ. ಮುಂದಿನ ಸಾಲು ಇರಲೂ ಇಲ್ಲ. ಕಣ್ಣು ತುಂಬಿಹೋಗಿದ್ದವು. 'ಶಾಣ್ಯಾ ಅವ್ವಗ ಎಂಥಾ ದಡ್ಡ ಮಗ...' ತಾನೇ ಅಂದ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು.

ನೀರಿನ ಬಾಟಲಿ ಹಿಡಿದು ಹೊರಗೆ ಓಡಿದಳು. ಅವನು ಅಲ್ಲೇ ನಿಂತಿದ್ದ.

"ಯಾಕ ಹೇಳಲಿಲ್ಲ ನೀವು?" ಬಾಟಲಿಯನ್ನು ಅವನ ಎದೆಗೆ ಒತ್ತಿ ಚೀರಿದಳು. "ಒಂದು ಮಾತು ಹೇಳಿದ್ರ ಏನಾಗ್ತಿತ್ತು? ಎಷ್ಟು ಬೈದೆ ನಿಮಗ! ಎಷ್ಟು ನಕ್ಕೆ!"

"ಅದು ಅವ್ವನ ನೋವ್ರಿ. ಅವ್ವನೇ ಹೇಳಬೇಕು. ನಾನು ಊರಾಗ ಹೇಳ್ಕೊಂಡು ತಿರುಗಿದ್ರ, ಆವತ್ತು ನಕ್ಕಿದ್ದಕ್ಕೂ ಇದಕ್ಕೂ ಏನು ಫರಕು?"

ಅವನು ಹೇಳಿದ್ದು ಅವಳಿಗೂ ಸರಿ ಅನ್ನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಮತ್ತ ಬಸ್ ಸ್ಟ್ಯಾಂಡಿನ್ಯಾಗ ಅಂದದ್ದು? ನನ್ನ ನೋಡಾಕ ಬಂದೆ ಅಂದದ್ದು?"

"ಮೊದಲ ಹತ್ತು ದಿನ ಅವ್ವನ ಸಲುವಾಗಿ ಬಂದೆ. ಆಮ್ಯಾಲ ನೀವು ಕೈ ಹಿಡಿದು 'ಅ' ತಿದ್ದಿಸಿದ್ರಿ ನೋಡ್ರಿ..." ಅವನು ಎರಡು ಗುಟುಕು ನೀರು ಕುಡಿದ. "ಅವತ್ತಿನಿಂದ ಇಬ್ಬರ ಸಲುವಾಗಿ ಬಂದೆ. ನಿಮ್ಮ ಮ್ಯಾಲ ಮನಸಾಗೇತಿ ಗಂಗಾ ಅವರೇ. ಇದರಾಗ ಸುಳ್ಳಿಲ್ಲ."

ಗಂಗಾ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಅದೇ ಸೆರಗಿನ ತುದಿಯಿಂದ ಅವನ ಹಣೆಯ ಬೆವರನ್ನೂ ಒರೆಸಿದಳು. ಶಾಲೆಯ ಅಂಗಳ, ಹಗಲು ಹೊತ್ತು, ಕಿಟಕಿ ತುಂಬ ಹೆಂಗಸರು! ಈ ಸಲ ಅವರು ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ, ಬಾಯಿಬಿಟ್ಟೇ ನಕ್ಕರು.

ತಾಯಕ್ಕ ಹೊರಗೆ ಬಂದಳು.

"ಬಿಸಿಲಾಗ ಏನು ನಡಸೀರಿ?"

"ನಿಮ್ಮ ಮಗಗ ಬೈಯಾಕತ್ತೀನಮ್ಮ."

"ಬೈ ನನ್ನವ್ವ, ಸಾಯೋತನಕ ಬೈ!" ತಾಯಕ್ಕ ಅವಳ ಗಲ್ಲ ಸವರಿದಳು. "ಆದ್ರ ಲಗ್ನಪತ್ರಿಕೆ ಅಚ್ಚಿಗೆ ಕೊಡೋ ಮೊದಲು ನನ್ನ ಕೈಗೆ ಕೊಡ್ರಿ. ನಾನು ಓದಬೇಕು. ಈ ಸಲ ತಲೆಕೆಳಗ ಹಿಡಿಯಂಗಿಲ್ಲ."

ಹೊನ್ನೂರುಸ್ವಾಮಿ ಅಲ್ಲೇ ಕುಸಿದು ಕುಳಿತು, ತಾಯಿಯ ಎರಡೂ ಕೈ ಹಿಡಿದು ಅವುಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗಾಡಿತು. ತಾಯಕ್ಕ ಮಗನ ತಲೆಗೆ ಗಲ್ಲ ಒತ್ತಿ ನಿಂತಳು.

ಆಮೇಲೆ ಅವನು ಎದ್ದು ಗಂಗಾಳ ಕಡೆ ನೋಡಿದ.

"ಇನ್ನೂ ಸಿಟ್ಟು ಐತೇನ್ರಿ?"

"ಐತಿ!"

"ಎಂದು ಇಳೀತೈತಿ?"

"ಗೊತ್ತಿಲ್ಲ. ನಾಳೆಯಿಂದ ದಿನಾ ಐದಕ್ಕ ಕ್ಲಾಸಿಗೆ ಬರ್ರಿ, ಕಲಿಸಾಕ. ಬಂದು ಕೇಳ್ರಿ... ದಿನಾ ಕೇಳ್ರಿ."